ಕರಿಕಲ್ಲಿನ ಮೇಲೆ ನೆರಳು

ರಜೆಯ ದಿನ ಫಕೀರತ್ತಿಯ ಅಡುಗೆಮನೆಯಲ್ಲಿ ಬೇವಿನ ಮರ ನಿಂತಿರುತ್ತಿತ್ತು. ಉಳಿದ ದಿನ ಅದು ಹಿತ್ತಲಿನಲ್ಲಿ. ಮಳೆ ಹಿಡಿದು ಜನ ಮನೆ ಬಿಟ್ಟು ಹೊರಡದ ದಿನ ಹಿತ್ತಲಿಗಿಂತ ಆಚೆ. ಅವಳು ಮಾಳಿಗೆಯಲ್ಲಿ ಆ ಮರಕ್ಕೆಂದೇ ಒಂದು ತೂತು ಬಿಡಿಸಿದ್ದಳು, ಮರ ಇಲ್ಲದ ದಿನ ಮುಚ್ಚಲು ತಗಡಿನ ಮುಚ್ಚಳವನ್ನೂ ಮಾಡಿಸಿಕೊಂಡಿದ್ದಳು. "ಇದು ಮರ ಅಲ್ಲ, ಬೀಗರು. ಹಬ್ಬ ಬಂತಂದ್ರ ಬಂದು ಒಲಿ ಮುಂದ ನಿಂದರತೈತಿ," ಎಂದು ಬೈಯುತ್ತಲೇ ಅದರ ಕೊಂಬೆಗೆ ಸೌಟು, ಜರಡಿ, ಬೆಳ್ಳುಳ್ಳಿ ಗೊಂಚಲು ನೇತುಹಾಕುತ್ತಿದ್ದಳು. ಮರುದಿನ ಮರ ಹಿತ್ತಲಿಗೆ ಹೋದಾಗ ಅವೆಲ್ಲ ಅದರ ಜೊತೆಗೇ ಹೋಗುತ್ತಿದ್ದವು. ಮತ್ತೆ ಬೈಗುಳ.

ನಮ್ಮೂರ ತೋಪು, ಅದರೊಳಗೆ ಓಡಾಡುವವರು ಎಷ್ಟೋ ಅಷ್ಟೇ ದೊಡ್ಡದು. ಒಬ್ಬರು ನಡೆದರೆ ಒಂದು ಮರ, ಒಬ್ಬರು ಕುದುರೆ ಏರಿ ಬಂದರೆ ನಾಲ್ಕು. ಕುಂತವರಿಗೆ, ನಿಂತವರಿಗೆ ಏನೂ ಇಲ್ಲ. ರಾತ್ರಿ ಎಣಿಕೆ ಇಲ್ಲ, ಸಂಜೆ ಎಲ್ಲಿತ್ತೋ ಅಲ್ಲೇ ತೋಪು ಮಲಗುತ್ತದೆ. ಮರ ಬರುವುದನ್ನಾಗಲಿ ಹೋಗುವುದನ್ನಾಗಲಿ ಕಣ್ಣಾರೆ ಕಂಡವರಿಲ್ಲ. ನೀವು ಮೂಗು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಬಯಲಿದ್ದಲ್ಲಿ ಒಂದು ಹುಣಸೆ ಮರ ಇರುತ್ತದೆ, ಅದರ ಮೇಲೆ ಗಿಳಿಗಳೂ ಇರುತ್ತವೆ. ಡಾಕ್ಟರು ಯಾರಿಗಾದರೂ ಸಕ್ಕರೆ ಕಾಯಿಲೆ ಎಂದು ಹೇಳಿ ದಿನಾ ನಡೆಯಲು ಚೀಟಿ ಬರೆದುಕೊಟ್ಟರೆ, ಮರುದಿನ ನನ್ನ ಗೂಟ ಅಷ್ಟು ಮುಂದಕ್ಕೆ ಹೋಗುತ್ತಿತ್ತು.

ಗೂಟ ಬಡಿಯುವುದು ನನ್ನ ಕೆಲಸ. ತೋಪಿನ ಮೂಡಣ ಅಂಚು ದಿನಾ ಸರಿಯುತ್ತದೆ. ಆ ಕಡೆಯ ಓಣಿಯವರಿಗೆ ಅರಿವೆ ಎಲ್ಲಿ ಒಣಹಾಕಬೇಕು, ಎಮ್ಮೆ ಎಲ್ಲಿ ಕಟ್ಟಬೇಕು ಎಂದು ತಿಳಿಯಬೇಕಲ್ಲ. ಅದಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊನೆಯ ಸಾಲಿನ ಮರಗಳ ಮುಂದೆ ಕೆಂಪು ಬಣ್ಣದ ಗೂಟ ಬಡಿದು ಬರುತ್ತೇನೆ. ನನಗಿಂತ ಮೊದಲು ನನ್ನ ಅಜ್ಜಿ, ಆಯಿ, ಬಡಿಯುತ್ತಿದ್ದಳು. ನಾನು ಏಳನೇ ಇಯತ್ತೆಯಲ್ಲಿ ಸಾಲಿ ಬಿಟ್ಟೆ. ಅಡಿವೆಪ್ಪ ಮಾಸ್ತರರು ಎದ್ದು ನಿಂತು ಪಾಠ ಓದು ಎಂದರೆ ನನ್ನ ದನಿ ಗಂಟಲಲ್ಲೇ ಕುಂತುಬಿಡುತ್ತಿತ್ತು. "ಜೋರಾಗಿ, ಕಸ್ತೂರಿ, ಜೋರಾಗಿ," ಎನ್ನುತ್ತಿದ್ದರು ಮಾಸ್ತರರು, ಸಿಟ್ಟಿಲ್ಲದೆ. ಅವರು ಜೋರಾಗಿ ಎಂದಷ್ಟೂ ಅದು ಇನ್ನೂ ಒಳಕ್ಕೆ ಹೋಗುತ್ತಿತ್ತು. ಆಯಿ ಒಂದು ದಿನ ನನ್ನ ಕೈಗೆ ಗೂಟ ಬಡಿಯುವ ಕೊಡತಿ ಕೊಟ್ಟಳು. "ಗೂಟದ ಸಂಗಾಟ ಮಾತಾಡೂದು ಬೇಕಾಗಂಗಿಲ್ಲ. ಕಣ್ಣಿದ್ರ ಸಾಕು," ಎಂದಳು.

ಅದರ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟಳು. ಗೂಟ ಬಡಿಯುವವಳು ತೋಪಿನೊಳಗೆ ಕಾಲಿಡಬಾರದು. ಇಟ್ಟರೆ ತೋಪು ಅವಳನ್ನೂ ಎಣಿಸುತ್ತದೆ. ತನ್ನ ಮರಕ್ಕೆ ತಾನೇ ಗೂಟ ಬಡಿದುಕೊಂಡವಳ ಅಳತೆಯನ್ನು ಯಾರು ನಂಬುತ್ತಾರೆ? ಆಯಿ ಎಂಬತ್ತು ವರ್ಷ ಬಾಳಿ, ಒಂದು ಹೆಜ್ಜೆಯೂ ಒಳಗಿಡದೆ ಹೋದಳು. ನಾನೂ ಹಾಗೇ ಹತ್ತೊಂಬತ್ತು ಮುಟ್ಟಿದ್ದೆ. ಹೊರಗಿನಿಂದ ನೋಡಿ ನೋಡಿ ಯಾರದು ಯಾವ ಮರ ಎಂದು ನನಗೆ ಬಾಯಿಪಾಠವಾಗಿತ್ತು. ದಾವಲ ಕಾಕಾ ತನ್ನ ಬೂದು ಕುದುರೆ ಏರಿ ಬಂದರೆ ಉತ್ತರದ ಮೂಲೆಯಲ್ಲಿ ನಾಲ್ಕು ಹುಣಸೆ ಮರ ನಿಲ್ಲುತ್ತಿದ್ದವು, ಒಂದಕ್ಕೆ ಸಿಡಿಲು ಬಡಿದ ಗುರುತು. ಮಾಸ್ತರರದು ಸೊಟ್ಟ ನೇರಳೆ. ಅದು ಅವರಿಗೆ ಗೊತ್ತಿರಲಿಲ್ಲ. ಒಳಗಿದ್ದವರಿಗೆ ತಮ್ಮ ಮರ ಕಾಣುವುದೇ ಇಲ್ಲ.

ಕುದುರೆಯವರಿಗೂ ನಡೆಯುವವರಿಗೂ ಎಂದೂ ಆಗಿಬಂದದ್ದಿಲ್ಲ. ನಮ್ಮೂರಲ್ಲಿ ಕುದುರೆ ಇಲ್ಲದ ಓಣಿ ಇಲ್ಲ. ನಡೆಯುವವರು ದಾರಿಯ ಮೇಲಿನ ಲದ್ದಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾಲ್ಕು ಮಂದಿ ಸಾಲಾಗಿ ದಾರಿ ತುಂಬ ನಡೆದರೆ ಕುದುರೆ ಎಲ್ಲಿ ಹೋಗಬೇಕು ಎಂದು ಕುದುರೆಯವರು ಕೂಗಾಡುತ್ತಿದ್ದರು. ಅದಕ್ಕೇ ಕುದುರೆಯವರು ಬಂದಾಗ ನಡೆಯುವವರು ಹೊರಗೆ, ನಡೆಯುವವರು ಬಂದಾಗ ಕುದುರೆಯವರು ಹೊರಗೆ. ಇವರು ಹೊಂಟರೆ ಅವರು ಬರುತ್ತಿದ್ದರು. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ತೋಪು ಬರಿದಾದ ಗಳಿಗೆಯೇ ಇರಲಿಲ್ಲ. ಅದು ಜಗಳದ ಪುಣ್ಯ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ಮೇಲಿನಿಂದ, ಸರ್ವೆ ಕಚೇರಿಯಿಂದ, ಒಂದು ಕಾಗದ ಬಂತು. ತೋಪಿನ ಮೂಡಣಕ್ಕೆ, ಫಕೀರತ್ತಿಯ ಹಿತ್ತಲಿನಿಂದ ಇಪ್ಪತ್ತು ಮಾರು ಒಳಗೆ, ಒಂದು ಹಳೆಯ ಕರಿಕಲ್ಲು ಇದೆ. ಗೊತ್ತುಮಾಡಿದ ದಿನ ನಡುಮಧ್ಯಾಹ್ನ ಆ ಕಲ್ಲಿನ ಮೇಲೆ ಮರದ ನೆರಳು ಬಿದ್ದಿದ್ದರೆ ಅದು ತೋಪು. ಕುದುರೆಯವರಿಗೆ, ನಡೆಯುವವರಿಗೆ ಶಾಶ್ವತವಾಗಿ ಬಿಟ್ಟದ್ದು ಎಂದು ಬರೆದುಕೊಡುತ್ತಾರೆ. ಕಲ್ಲಿನ ಮೇಲೆ ಬಿಸಿಲಿದ್ದರೆ ಅದು ಬಯಲು. ಗೋದಾಮು ಕಟ್ಟಲು ಕೊಡುತ್ತಾರೆ. ಊರಿಗೆ ಊರೇ ನಕ್ಕಿತು. ಆ ಕಲ್ಲು ಬಿಸಿಲು ಕಂಡದ್ದು ಯಾವಾಗ? ಅದರ ಮೇಲೆ ಹಾವಸೆ ಕಟ್ಟಿತ್ತು. ಆದರೂ ಸುಮ್ಮನಿರಬಾರದು, ಸರ್ವೆ ಸಾಹೇಬರಿಗೆ ನಮ್ಮ ಬಲ ಎಷ್ಟೆಂದು ತೋರಿಸಬೇಕು ಎಂದರು ಅಡಿವೆಪ್ಪ ಮಾಸ್ತರರು. ನಡೆಯುವವರ ಪರವಾಗಿ ಅವರೇ ದಾವಲ ಕಾಕಾನ ಮನೆಗೆ ಹೋದರು. ಕಾಕಾ ಚಹಾ ಕೊಟ್ಟ. ಮಾಸ್ತರರು ಸಕ್ಕರೆ ಇಲ್ಲದ ಚಹಾ ಕುಡಿದು, ಲದ್ದಿಯ ವಿಷಯ ಎತ್ತದೆ ಎದ್ದು ಬಂದರು. ಊರೆಲ್ಲ ಅದೇ ಸುದ್ದಿ. ಕುದುರೆಯವರು, ನಡೆಯುವವರು ಒಂದಾದರು!

ಆ ದಿನ ಬೆಳಗಾಗುವ ಮೊದಲೇ ಜನ ಪಡುವಣದ ದೊಡ್ಡ ಬಾಗಿಲಿಗೆ ನೆರೆದರು. ನಾನು ಗೂಟದ ಚೀಲ ಹೆಗಲಿಗೆ ಹಾಕಿಕೊಂಡು ಆ ದಾರಿಯಲ್ಲೇ ಹೋದೆ. ನನ್ನ ಜನ್ಮದಲ್ಲೇ ಅಂಥದ್ದನ್ನು ನೋಡಿರಲಿಲ್ಲ. ಕುದುರೆಗಳ ಕೊರಳಿಗೆ ಚೆಂಡುಹೂವು, ನಡೆಯುವವರ ಕೈಯ ಕೋಲುಗಳಿಗೆ ಬಣ್ಣದ ಕಾಗದ. ಯಾರೋ ಹಲಗೆ ಬಾರಿಸುತ್ತಿದ್ದರು. ಯಾರೋ ಬುಟ್ಟಿ ತುಂಬ ಮಂಡಕ್ಕಿ ಹಂಚುತ್ತಿದ್ದರು. "ಯಾರೂ ಜಾಗಾ ಬಿಡಬ್ಯಾಡ್ರಿ! ಸಾಹೇಬ್ರು ಬಂದು ನೋಡೂತನಾ ಹಿಂಗ ಗ್ವಾಡಿ ನಿಂತಂಗ ನಿಂದರಬೇಕು!" ಎಂದು ಮಾಸ್ತರರು ಕಟ್ಟೆಯ ಮೇಲಿನಿಂದ ಕೂಗಿದರು. ಜನ ಹೋ ಎಂದರು. ನನಗೂ ಮೈ ಜುಮ್ ಎಂದಿತು. ಹತ್ತು ಗಂಟೆಯತನಕ ನೋಡುತ್ತ ನಿಂತಿದ್ದು, ಆಮೇಲೆ ಒಂದು ಹಿಡಿ ಮಂಡಕ್ಕಿ ಸೆರಗಿಗೆ ಕಟ್ಟಿಕೊಂಡು ಅಂಚಿನ ಗುಂಟ ಹೊರಟೆ.

ಬಾಗಿಲಿನಿಂದ ಮೂಡಣದ ಅಂಚಿಗೆ ಹೊರಸುತ್ತಿನ ದಾರಿ ಮುಕ್ಕಾಲು ತಾಸು. ಮಂಡಕ್ಕಿ ಮುಗಿಯುವ ಹೊತ್ತಿಗೆ ಓಣಿ ಬಂತು. ಫಕೀರತ್ತಿ ಹಿತ್ತಲಲ್ಲಿ ನಿಂತು ಎರಡೂ ಕೈ ಸೊಂಟದ ಮೇಲೆ ಇಟ್ಟುಕೊಂಡಿದ್ದಳು.

"ಕಸ್ತೂರೀ, ನನ್ನ ಸೌಟು ಎಲ್ಲಿ ಹೋತು?"

ನಾನು ನಿನ್ನೆ ಸಂಜೆಯ ಗೂಟ ನೋಡಿದೆ. ಅದು ಬರೀ ಬಯಲಿನಲ್ಲಿ, ಬಿಸಿಲಲ್ಲಿ, ಒಂಟಿಯಾಗಿ ನಿಂತಿತ್ತು. ಬೇವಿನ ಮರ ಇರಲಿಲ್ಲ. ಅದರ ಹಿಂದಿನ ಹೊಂಗೆ, ಅದರ ಹಿಂದಿನ ಮತ್ತಿ, ಯಾವುದೂ ಇರಲಿಲ್ಲ. ತೋಪಿನ ಅಂಚು ಹತ್ತು ಮಾರು ಹಿಂದಕ್ಕೆ ಹೋಗಿತ್ತು. ನಾನು ಕಣ್ಣು ಮಿಟುಕಿಸಿದೆ. ಹನ್ನೊಂದು ಮಾರು.

"ಮಳಿ ಇಲ್ಲ, ಏನಿಲ್ಲ. ಇವತ್ತ್ಯಾಕ ಹಿಂದ ಸರೀತು?" ಎಂದಳು ಅತ್ತಿ.

ನನಗೆ ಆಗ ತಿಳಿಯಿತು. ಒಳಗೆ ಯಾರೂ ಇಲ್ಲ. ಬೆಳಗಿನ ಕುದುರೆಯವರೂ ಬಾಗಿಲಲ್ಲಿ, ನಡೆಯುವವರೂ ಬಾಗಿಲಲ್ಲಿ. ತೋಪು ಉಳಿಸಲು ಇಡೀ ಊರು ಹೊರಗೆ ನಿಂತಿದೆ. ಬಾಗಿಲಿನ ಕಡೆಯ ಮರಗಳು ಎಂದಿನಂತೆ ದಟ್ಟ. ಕರಗುತ್ತಿರುವುದು ಈ ಬೆನ್ನಿನ ಕಡೆ, ಯಾರಿಗೂ ಕಾಣದ ಕಡೆ.

ಗೂಟದ ಚೀಲ ಅಲ್ಲೇ ಎಸೆದು, ಕೊಡತಿ ಕೈಯಲ್ಲಿದ್ದಂತೆಯೇ ಓಡಿದೆ. ತೋಪಿನ ನಡುವೆ ಹಾದು ಹೋದರೆ ಬೇಗ ಮುಟ್ಟಬಹುದಿತ್ತು, ಆದರೆ ಆಯಿಯ ಕಟ್ಟಳೆ ಕಾಲು ಹಿಡಿಯಿತು. ಅಂಚಿನ ಗುಂಟವೇ ಓಡಿದೆ. ಬರುವಾಗ ಮುಕ್ಕಾಲು ತಾಸು ಹಿಡಿದ ದಾರಿ, ಹೋಗುವಾಗ ಅರ್ಧ ತಾಸೂ ಹಿಡಿಯಲಿಲ್ಲ. ನನ್ನ ಕಾಲಿಗೆ ಬಲ ಬಂದದ್ದರಿಂದಲ್ಲ. ಸುತ್ತುವುದಕ್ಕೆ ತೋಪೇ ಅಷ್ಟು ಉಳಿದಿರಲಿಲ್ಲ.

ಬಾಗಿಲಲ್ಲಿ ಹಾಡು ಶುರುವಾಗಿತ್ತು. ಜನರ ನಡುವೆ ತೂರಿಕೊಂಡು ಮಾಸ್ತರರ ಕಟ್ಟೆಯ ಕೆಳಗೆ ನಿಂತೆ. ಅವರ ಧೋತರದ ಅಂಚು ಹಿಡಿದು ಜಗ್ಗಿದೆ.

"ಏ ಕಸ್ತೂರಿ! ಗೂಟ ಬಡದ ಬಂದೇನವಾ?"

"ಸರ್, ಒಳಗ..." ಎಂದೆ.

"ಏನು?"

"ಒಳಗ ಯಾರೂ..."

"ಕೇಳಸವಲ್ದು. ಜೋರಾಗಿ, ಕಸ್ತೂರಿ, ಜೋರಾಗಿ!"

ಅಷ್ಟೇ ಸಾಕಾಯಿತು. ದನಿ ಹೋಗಿ ತನ್ನ ಹಳೆಯ ಜಾಗದಲ್ಲಿ ಕುಂತಿತು. ಸುತ್ತ ಹಲಗೆ, ಹಾಡು, ಸಿಳ್ಳೆ. ಪಕ್ಕದ ಹೆಂಗಸು ಬೆನ್ನು ತಟ್ಟಿ, "ಅಂಜಬ್ಯಾಡ ತಂಗಿ, ನಾವೆಲ್ಲಾ ಅದೀವಲ್ಲ," ಎಂದಳು. ಅದೇ ತೊಂದರೆ ಎಂದು ಹೇಗೆ ಹೇಳಲಿ?

ಆಗ ನನ್ನ ಕಣ್ಣು ದೊಡ್ಡಕ್ಕನ ಮೇಲೆ ಬಿತ್ತು. ದೊಡ್ಡಕ್ಕ ಎಂದರೆ ದಾವಲ ಕಾಕಾನ ಬೂದು ಹೆಣ್ಣುಕುದುರೆ. ಊರ ಕುದುರೆಗಳಲ್ಲೆಲ್ಲ ಹಿರಿಯಳು, ಸಿಡುಕಿ, ಅದಕ್ಕೇ ಆ ಹೆಸರು. ಹನ್ನೆರಡು ವರ್ಷದಿಂದ ದಿನಾ ಹೊತ್ತು ಹುಟ್ಟುವಾಗ ತೋಪಿನೊಳಗೆ ಹೋದವಳು. ಇಂದು ಅವಳನ್ನು ಬಾಗಿಲ ಪಕ್ಕದ ಕಂಬಕ್ಕೆ ಕಟ್ಟಿದ್ದರು. ಅವಳು ಮುಂಗಾಲಿನಿಂದ ನೆಲ ಕೆರೆಯುತ್ತ, ಹೂಮಾಲೆಯನ್ನು ಅರ್ಧ ತಿಂದು, ಒಳಗಿನ ದಾರಿಯನ್ನೇ ನೋಡುತ್ತಿದ್ದಳು. ಮಿಕ್ಕ ಕುದುರೆಗಳು ಅವಳನ್ನು ನೋಡುತ್ತಿದ್ದವು. ಊರಲ್ಲಿ ಸರಿಯಾದ ಬುದ್ಧಿ ಇದ್ದದ್ದು ಅವುಗಳಿಗೇ.

ನಾನು ಗಂಟು ಬಿಚ್ಚಿದೆ. ದಿನಾ ಗೂಟದ ಕಟ್ಟು ಬಿಚ್ಚುವ ಕೈಗೆ ಅದೇನು ದೊಡ್ಡದಲ್ಲ. ಕೊಡತಿಯ ಹಿಡಿಕೆಯಿಂದ ಅವಳ ಹಿಂಭಾಗಕ್ಕೆ ಮೆಲ್ಲಗೆ ಒಂದು ಕೊಟ್ಟೆ.

ದೊಡ್ಡಕ್ಕ ಮದುವೆಯ ಪಂಗ್ತಿಗೆ ಕರೆದಂತೆ ಹೊರಟಳು. ಅವಳ ಹಿಂದೆ ಹಾಲಿನ ಮಲ್ಲೇಶಿಯ ತಟ್ಟುಕುದುರೆ ತನ್ನ ಹಗ್ಗ ಕಿತ್ತುಕೊಂಡಿತು, ಅದರ ಹಿಂದೆ ಟಪಾಲಿನ ಕುದುರೆ, ಅದರ ಹಿಂದೆ ಮಿಕ್ಕವೆಲ್ಲ. "ಯಾ ಅಲ್ಲಾ! ಹಿಡೀರಿ ಆಕೀನ್ನ!" ಎಂದು ದಾವಲ ಕಾಕಾ ಚಪ್ಪಲಿ ಬಿಟ್ಟು ಓಡಿದ. ಕುದುರೆಯವರೆಲ್ಲ ಅವನ ಹಿಂದೆ. "ನೋಡ್ರಿ, ನೋಡ್ರಿ! ಇದಕ್ಕ ಕುದರಿಯವರನ್ನ ನಂಬಬಾರದು ಅನ್ನೂದು! ಜಾಗಾ ಬಿಟ್ಟು ಹೊಂಟರು!" ಎಂದು ನಡೆಯುವವರು ಬೈಯುತ್ತ ಕೋಲು ಎತ್ತಿಕೊಂಡು ಅವರ ಹಿಂದೆ. ಹಲಗೆಯವನು ಬಾರಿಸುತ್ತಲೇ ಅವರ ಹಿಂದೆ. ಮಾಸ್ತರರು ಕಟ್ಟೆಯ ಮೇಲೆ ಒಬ್ಬರೇ ಉಳಿದು ನನ್ನನ್ನು ನೋಡಿದರು, ನನ್ನ ಕೈಯ ಕೊಡತಿ ನೋಡಿದರು, ಖಾಲಿ ಕಂಬ ನೋಡಿದರು. ಧೋತರ ಎತ್ತಿ ಕಟ್ಟಿ ಅವರೂ ಒಳಗೆ ಓಡಿದರು.

ಹೊತ್ತು ಏರಿತ್ತು. ನಾನು ಮತ್ತೆ ಅಂಚಿನ ಗುಂಟ ಮೂಡಣಕ್ಕೆ ಓಡಿದೆ. ಆ ಓಟವನ್ನು ಸಾಯುವತನಕ ಮರೆಯುವುದಿಲ್ಲ. ನನ್ನ ಎಡಕ್ಕೆ ಬಯಲು, ಬಲಕ್ಕೆ ತೋಪು, ಅದು ನನ್ನನ್ನು ಹೊರಕ್ಕೆ ಹೊರಕ್ಕೆ ನೂಕುತ್ತ ಬಂತು. ನೇರ ಓಡಲು ಬಿಡಲೇ ಇಲ್ಲ. ಹೆಜ್ಜೆ ಇಡಬೇಕೆಂದ ಜಾಗದಲ್ಲಿ ಬೇರು ಇರುತ್ತಿತ್ತು. ತಪ್ಪಿಸಿಕೊಂಡು ಸರಿದರೆ ಅಲ್ಲೊಂದು ಅತ್ತಿಮರ, ಹಣ್ಣು ತುಂಬಿಕೊಂಡು. ನಾಲ್ಕು ಹುಣಸೆ ಒಮ್ಮೆಲೇ ಕಂಡವು, ಒಂದಕ್ಕೆ ಸಿಡಿಲಿನ ಗುರುತು. ಕಾಕಾ ದೊಡ್ಡಕ್ಕನನ್ನು ಹಿಡಿದ! ಹಿಡಿದು ಏರಿದ! ಓಡುತ್ತಲೇ ನಗು ಬಂತು. ಸೊಟ್ಟ ನೇರಳೆ ಕಂಡಾಗ ಮಾಸ್ತರರ ವಯಸ್ಸು ನೆನೆದು ಇನ್ನೂ ನಗು ಬಂತು.

ಮೂಡಣದ ಅಂಚಿಗೆ ಬಂದಾಗ ನನ್ನ ನಗು ನಿಂತಿತು. ಸರ್ವೆ ಸಾಹೇಬರು ಆಗಲೇ ಓಣಿಯ ಕಡೆಯಿಂದ ಬಂದಿದ್ದರು. ದೊಡ್ಡ ಬಾಗಿಲಿನಿಂದ ಬರುತ್ತಾರೆ ಎಂದು ಅಷ್ಟು ಜನ ಕಾದದ್ದೆಲ್ಲ ವ್ಯರ್ಥವಾಗಿತ್ತು. ಅವರು ಕರಿಕಲ್ಲಿನ ಪಕ್ಕ ಮಡಚುವ ಕುರ್ಚಿ ಹಾಕಿಸಿಕೊಂಡು, ಛತ್ರಿ ಬಿಚ್ಚಿ ಕುಂತಿದ್ದರು. ಛತ್ರಿಯ ನೆರಳು ಕಲ್ಲಿನ ಮೇಲೆ ಬಿದ್ದಿತ್ತು. ಫಕೀರತ್ತಿ ಅವರ ಎದುರಿಗೇ ನಿಂತಿದ್ದಳು. "ಅದೂ ನೆರಳ ಅಲ್ಲೇನ್ರಿ? ಬರಕೊಳ್ರಲ್ಲ," ಎಂದಳು. ಸಾಹೇಬರು ನಕ್ಕು ಛತ್ರಿಯನ್ನು ಆಚೆ ಓರೆ ಮಾಡಿದರು. ಕಲ್ಲಿನ ಮೇಲೆ ಬಿಸಿಲು ಬಿತ್ತು. ಹಾವಸೆ ಒಣಗಿ ಸಿಪ್ಪೆ ಏಳುತ್ತಿತ್ತು.

ತೋಪಿನ ಅಂಚು ಕಲ್ಲಿಗೆ ನಾಲ್ಕು ಮಾರು ದೂರದಲ್ಲಿತ್ತು. ಮೂರು ಆಯಿತು. ಎರಡು ಆಯಿತು. ಅಷ್ಟರಲ್ಲಿ ಮರಗಳ ನಡುವಿನಿಂದ ದೊಡ್ಡಕ್ಕನ ಬೂದು ಮುಖ ಹೊರಬಂತು, ಮೇಲೆ ಬೆವತ ದಾವಲ ಕಾಕಾ. ಅವನು ಬಿಸಿಲಿನಲ್ಲಿರುವ ಕಲ್ಲು ನೋಡಿ ಲಗಾಮು ಜಗ್ಗಿ ನಿಂತ. ಅವನ ಹಿಂದೆ ಬಂದ ಕುದುರೆಗಳು ನಿಂತವು. ಕೋಲು ಹಿಡಿದವರು ಏದುಸಿರು ಬಿಡುತ್ತ ಬಂದು ನಿಂತರು. ಎಲ್ಲರಿಗೂ ಆಗ ಅರ್ಥವಾಯಿತು. ಬೈಗುಳ ನಿಂತಿತು. ಹಲಗೆ ನಿಂತಿತು. ಊರಿಗೆ ಊರೇ ತೋಪಿನ ಅಂಚಿನಲ್ಲಿ, ಮರಗಳ ಕೆಳಗೆ ಸಾಲಾಗಿ ನಿಂತು, ಉಸಿರು ಹಿಡಿದು ಕಲ್ಲನ್ನೇ ನೋಡತೊಡಗಿತು. ಸಾಹೇಬರು ಕಿಸೆಯಿಂದ ಗಡಿಯಾರ ತೆಗೆದರು.

ಎರಡು ಮಾರು. ಎರಡೇ ಮಾರು. ಅಂಚು ಮುಂದೆ ಬರಲೊಲ್ಲದು.

ಯಾಕೆ ಬರಲೊಲ್ಲದು? ನಾನು ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಎಲ್ಲರೂ ಇದ್ದರು. ಎಲ್ಲರೂ ನಿಂತಿದ್ದರು. ಬಾಗಿಲಲ್ಲಿ ನಿಂತಂತೆಯೇ, ಗೋಡೆ ನಿಂತಂತೆ.

"ಐದ ನಿಮಿಷ ಐತಿ," ಎಂದರು ಸಾಹೇಬರು.

ನಿಂತವರಿಗೆ ಹೇಳಬೇಕಿತ್ತು, ಅದೂ ಜೋರಾಗಿ. ಆದರೆ ನೋಡಿ, ಅಂಥ ಮೌನವನ್ನು ನಾನು ಎಂದೂ ಕೇಳಿರಲಿಲ್ಲ. ಕುದುರೆಗಳು ಸಹ ಬಾಲ ಬೀಸುತ್ತಿರಲಿಲ್ಲ. ಅಷ್ಟು ದೊಡ್ಡ ಮೌನದಲ್ಲಿ ಜೋರಾಗಿ ಹೇಳುವ ಅಗತ್ಯವೇ ಇರಲಿಲ್ಲ.

"ನಡೀರಿ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಸಾಲಿಯಲ್ಲಿ ಹಾಗೇ ತಿರುಗುತ್ತಿದ್ದವು.

"ನಿಂತ್ರ ಬರೂದಿಲ್ಲ ಅದು. ಕಲ್ಲ ನೋಡಬ್ಯಾಡ್ರಿ. ಬೆನ್ನ ತಿರುವಿ ನಡೀರಿ."

ಯಾರೂ ಅಲುಗಲಿಲ್ಲ. ಬೆನ್ನು ತಿರುಗಿಸುವುದೆಂದರೆ ಏನಾಯಿತೆಂದು ಕಾಣದೆ ಹೋಗುವುದು. ಅಂಥ ಗಳಿಗೆಯಲ್ಲಿ ಕಣ್ಣು ಕೀಳುವುದು ಯಾರಿಗೆ ಆಗುತ್ತದೆ? ನನಗಂತೂ ಆಗುತ್ತಿರಲಿಲ್ಲ. ನೋಡುವುದನ್ನು ಬಿಟ್ಟರೆ ನನಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಆದರೆ ಹಾಗೆ ನಡೆದು ತೋರಿಸಲು ಯಾರಾದರೂ ಒಬ್ಬರು ಬೇಕಿತ್ತು.

ಫಕೀರತ್ತಿಯ ಕೈಗೆ ಕೊಡತಿ ಕೊಟ್ಟೆ.

"ನನಗ್ಯಾಕ ಇದು?" ಎಂದಳು.

"ನೀ ನೋಡ್ಕೋ ಅತ್ತಿ. ಎಲ್ಲಿಗೆ ಬರತೈತಿ ಅಲ್ಲಿ ಒಂದ ಗೂಟ ಬಡಿ."

"ಹುಚ್ಚೀ, ನೀ ಒಳಗ ಹೋಗಂಗಿಲ್ಲ! ನಿಮ್ಮ ಆಯಿ ಸತ್ತರೂ..."

ನಾನು ಆಗಲೇ ಒಳಗಿದ್ದೆ. ಹೊರಗಿನ ಬಿಸಿಲಿಗೂ ಒಳಗಿನ ತಂಪಿಗೂ ನಡುವೆ ಒಂದೇ ಒಂದು ಹೆಜ್ಜೆ. ಕಾಲ ಕೆಳಗೆ ಎಲೆಗಳು ಹಪ್ಪಳದಂತೆ ಮುರಿದವು. ಆಯಿಗೆ ಈ ಸಪ್ಪಳ ಗೊತ್ತಿರಲಿಲ್ಲ ಎಂದು ಒಮ್ಮೆ ಅನಿಸಿತು. ತಿರುಗಿ ನೋಡಬಾರದು ಎಂದು ಮುಷ್ಟಿ ಬಿಗಿಹಿಡಿದು, ಮಾಸ್ತರರ ಪಕ್ಕದಿಂದ, ದೊಡ್ಡಕ್ಕನ ಪಕ್ಕದಿಂದ ಹಾದು ನಡೆದೆ.

"ಕೇಳಸ್ತು," ಎಂದರು ಮಾಸ್ತರರು ನನ್ನ ಹಿಂದೆ, ಮೆಲ್ಲಗೆ. ಅವರ ಕೋಲು ನೆಲಕ್ಕೆ ಊರಿದ ಸದ್ದು, ಹೆಜ್ಜೆಯ ಸದ್ದು. ಆಮೇಲೆ ದಾವಲ ಕಾಕಾ ನಾಲಿಗೆಯಿಂದ ಟಕ್ ಟಕ್ ಎಂದ, ದೊಡ್ಡಕ್ಕನ ಗೊರಸು ತಿರುಗಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಇಕ್ಕಟ್ಟಿನ ದಾರಿ ಅದು. ಅಂದು ಕುದುರೆಯೂ ಮನುಷ್ಯರೂ ಮೈಗೆ ಮೈ ತಾಕಿಸಿಕೊಂಡು ಅದರಲ್ಲೇ ನಡೆದರು. ಯಾರೋ ಲದ್ದಿ ತುಳಿದರು, ಬೈಯಲಿಲ್ಲ. ಎಲ್ಲರ ಕಿವಿಯೂ ಹಿಂದಕ್ಕೆ ನೆಟ್ಟಿತ್ತು.

ಇಪ್ಪತ್ತು ಹೆಜ್ಜೆ. ಮೂವತ್ತು. ನನ್ನ ಕತ್ತು ತಾನಾಗಿ ತಿರುಗುತ್ತಿತ್ತು, ನಾನು ಅದನ್ನು ಹಿಡಿದು ಮುಂದಕ್ಕೆ ಇಡುತ್ತಿದ್ದೆ. ಐವತ್ತು. ಹಿಂದೆ ಏನೂ ಇಲ್ಲ. ಸಾಹೇಬರ ಗಡಿಯಾರದಲ್ಲಿ ಎಷ್ಟಾಯಿತೋ?

ಠಕ್.

ಕೊಡತಿ ಗೂಟದ ಮೇಲೆ ಬಿದ್ದ ಸದ್ದು. ನನಗೆ ಅದರ ದೂರ ಗೊತ್ತು, ಅದು ನನ್ನ ಕಸುಬು. ಆ ಸದ್ದು ಕಲ್ಲಿನ ಈಚೆಯಿಂದ ಬಂದದ್ದಲ್ಲ. ಆಚೆಯಿಂದ ಬಂತು. ಠಕ್, ಠಕ್. ಅದರ ಹಿಂದೆಯೇ, ಇಡೀ ತೋಪು ತುಂಬುವಂತೆ, ಫಕೀರತ್ತಿಯ ಕೂಗು:

"ಸಾಹೇಬ್ರ, ಇನ್ನ ಛತ್ರಿ ಮುಚ್ರಿ!"

ಏನು ಕೂಗಾಟ, ಏನು ಕುಣಿತ! ದೊಡ್ಡಕ್ಕ ಹಲ್ಲು ತೆರೆದು ಕೆನೆದಳು. ಮಾಸ್ತರರು ಟಪಾಲಿನವನನ್ನು ಅಪ್ಪಿಕೊಂಡರು. ನಿಲ್ಲಬಾರದೆಂದು ನೆನಪಾಗಿ, ಅಪ್ಪಿಕೊಂಡೇ ನಡೆದರು. ದಾವಲ ಕಾಕಾ ಇಳಿದು ನನ್ನ ಮುಂದೆ ಕೈ ಜೋಡಿಸಿ ಹಿಡಿದ, ಕಾಲಿಟ್ಟು ಏರಲು. "ಏರು ಮಗಳ. ಆಕೀನ್ನ ಬಿಟ್ಟಾಕಿ ನೀನ ಹೌದಿಲ್ಲೊ? ಈಗ ನೀನ ಹಿಡಕೋ," ಎಂದ. ಹೆದರಿಕೆಯಿಂದ ಕಣ್ಣು ಮುಚ್ಚಿ ಏರಿದೆ. ಮೇಲಿನಿಂದ ತೋಪು ಬೇರೆಯೇ ಇತ್ತು.

ಅಂದಿನಿಂದ ಗೂಟ ಬಡಿಯುವವಳು ಫಕೀರತ್ತಿ. ಒಳಗೆ ನಡೆದವಳ ಅಳತೆ ನಡೆಯುವುದಿಲ್ಲವಲ್ಲ. ಅವಳ ಸೌಟು, ಜರಡಿ ಬೇವಿನ ಮರದ ಜೊತೆ ತಿರುಗಿ ಬಂದವು. ನಾನು ದಿನಾ ಬೆಳಿಗ್ಗೆ ದೊಡ್ಡಕ್ಕನನ್ನು ಏರಿ ಒಂದು ಸುತ್ತು ಹಾಕುತ್ತೇನೆ, ಅಂದರೆ ನಾಲ್ಕು ಮರ ನನ್ನವು. ಎಲ್ಲರ ಮರ ಬಾಯಿಪಾಠ ಇದ್ದವಳಿಗೆ ತನ್ನದು ಗೊತ್ತಿಲ್ಲ. ಕೇಳಬಾರದೆಂದೇ ಇದ್ದೆ. ಮೊನ್ನೆ ಸುತ್ತು ಮುಗಿಸಿ ಬಾಗಿಲಿಗೆ ಬಂದರೆ ಅತ್ತಿ ಕೊಡತಿ ಹಿಡಿದು ಕಾಯುತ್ತಿದ್ದಳು.

"ಇಳಿ ಕೆಳಗ! ಬೇವಿನ ಮರ ಒಂದು ಸಾಲದಂತ ನಿನ್ನ ನಾಲ್ಕೂ ನನ್ನ ಮನೀಗೇ ಬರತಾವ. ಮಾತಿಲ್ಲ ಕತಿಯಿಲ್ಲ, ಸುಮ್ನ ಬಂದು ಒಲಿ ಸುತ್ತ ನಿಂತು ನೋಡತಾವ," ಎಂದಳು. "ಇನ್ನ ಮ್ಯಾಲ ಊಟ ಇಲ್ಲೇ ಮಾಡು. ಹೆಂಗೂ ಬಂದಿರತೀ."